ದುಬಾರಿ ಪರ್ಫಾರ್ಮೆನ್ಸ್ ಎಲೆಕ್ಟ್ರಿಕ್ ಎಸ್‌ಯುವಿ: ಹೆಚ್ಚಿನ ಹಣ ಯಾವುದಕ್ಕೆ, ಅದು ಯಾರಿಗೆ ಸಲ್ಲುತ್ತದೆ

ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳಲು ಹೊರಟವರು ಯಾವ ಮಾದರಿ ಎಂಬುದನ್ನು ಬೇಗ ನಿರ್ಧರಿಸಿಬಿಡುತ್ತಾರೆ. ಯಾವ ವೇರಿಯಂಟ್ ಎಂಬಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ. ಬೆಲೆಪಟ್ಟಿಯ ಕೆಳತುದಿಯಲ್ಲಿ ಒಂದೇ ಮೋಟಾರಿನ ಗಾಡಿ ಇರುತ್ತದೆ, ಮೇಲ್ತುದಿಯಲ್ಲಿ ‘ಪರ್ಫಾರ್ಮೆನ್ಸ್’, ‘ಜಿಟಿ’, ‘ಎನ್’, ‘ಟರ್ಬೊ’ ಎಂದು ಏನಾದರೊಂದು ಬಿರುದು ಹೊತ್ತ ಗಾಡಿ ಇರುತ್ತದೆ. ಒಳಗಿನ ಜಾಗ, ಪರದೆ, ಡಿಕ್ಕಿ, ಸುರಕ್ಷತಾ ಸಾಧನಗಳು ಎರಡರಲ್ಲೂ ಬಹುಪಾಲು ಒಂದೇ. ಎಷ್ಟೋ ಸಲ ಬ್ಯಾಟರಿಯೂ ಒಂದೇ. ಹಾಗಿದ್ದ ಮೇಲೆ ಹೆಚ್ಚಿನ ಹಣ ಹೋಗುವುದು ಯಾವುದಕ್ಕೆ ಎಂಬ ಪ್ರಶ್ನೆಗೆ ಶೋರೂಮಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಸಂಖ್ಯೆ: ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಇಷ್ಟು ಸೆಕೆಂಡು.

ಈ ಸಂಖ್ಯೆಯನ್ನು ನಂಬಿ ಹೋಲಿಕೆಗೆ ಇಳಿದರೆ ದಾರಿ ತಪ್ಪುವ ಸಂಭವವೇ ಹೆಚ್ಚು. ಮೇಲ್ತುದಿಯ ಗಾಡಿಯನ್ನು ಕೆಳತುದಿಯ ಗಾಡಿಯ ಪಕ್ಕದಲ್ಲಿ ನಿಲ್ಲಿಸಿದರೆ ಅದು ಅದ್ಭುತವಾಗಿಯೇ ಕಾಣುತ್ತದೆ. ಆದರೆ ಅದರ ನಿಜವಾದ ಪ್ರತಿಸ್ಪರ್ಧಿ ಅದಲ್ಲ. ಪಟ್ಟಿಯ ನಡುವೆ ಸದ್ದಿಲ್ಲದೆ ಕುಳಿತಿರುವ, ಮುಂದೊಂದು ಹಿಂದೊಂದು ಎಂದು ಎರಡು ಮೋಟಾರುಗಳಿರುವ ಸಾಧಾರಣ ವೇರಿಯಂಟ್. ಅದರೊಡನೆ ಹೋಲಿಸಿ ನೋಡಿದ ಮೇಲೂ ದುಬಾರಿ ಗಾಡಿಗೆ ಹಣ ಕೊಡಬೇಕೆನಿಸಿದರೆ ಮಾತ್ರ ಆ ಆಸೆಗೆ ಅರ್ಥವಿದೆ ಎಂಬುದು ನನ್ನ ನಿಲುವು. ಮುಂದಿನ ಲೆಕ್ಕಗಳೆಲ್ಲ ಈ ನಿಲುವಿನಿಂದಲೇ ಹೊರಡುತ್ತವೆ.

ಒಂದೇ ಬಿರುದು, ಮೂರು ಬಗೆಯ ಗಾಡಿ

ಪರ್ಫಾರ್ಮೆನ್ಸ್ ಎಂಬ ಹೆಸರಿನಡಿ ಕಂಪನಿಗಳು ಮೂರು ಬೇರೆ ಬೇರೆ ಸರಕುಗಳನ್ನು ಮಾರುತ್ತವೆ. ಮೊದಲನೆಯದು ಬರೀ ಸಾಫ್ಟ್‌ವೇರ್. ಟೆಸ್ಲಾ ತನ್ನ ಎರಡು ಮೋಟಾರಿನ ಮಾಡೆಲ್ ವೈ ಗಾಡಿಗೆ ಮಾರಿದ ‘ಆಕ್ಸಿಲರೇಷನ್ ಬೂಸ್ಟ್’ ಇಂಥದ್ದು. ಮರ್ಸಿಡಿಸ್ ಬೆಂಜ್ 2022ರಲ್ಲಿ ಅಮೆರಿಕದಲ್ಲಿ ತನ್ನ ಇಕ್ಯೂಇ, ಇಕ್ಯೂಎಸ್ ಸರಣಿಗಳಿಗೆ ವಾರ್ಷಿಕ ಶುಲ್ಕದ ಮೇಲೆ ಹೆಚ್ಚಿನ ಪಿಕಪ್ ಕೊಡುವುದಾಗಿ ಪ್ರಕಟಿಸಿದ್ದೂ ಇದೇ ಬಗೆಯದು. ಮೋಟಾರು, ಬ್ರೇಕು, ಟೈರು ಯಾವುದೂ ಬದಲಾಗುವುದಿಲ್ಲ; ಗಾಡಿಯೊಳಗೆ ಮೊದಲಿನಿಂದಲೂ ಇದ್ದ ಸಾಮರ್ಥ್ಯದ ಬೀಗವನ್ನಷ್ಟೇ ತೆರೆಯಲಾಗುತ್ತದೆ. ಇದರಲ್ಲಿ ಒಂದು ಅನುಕೂಲವೂ ಇದೆ: ಗಾಡಿ ಕೊಳ್ಳುವ ದಿನವೇ ನಿರ್ಧರಿಸಬೇಕಾಗಿಲ್ಲ, ಕೆಲವು ತಿಂಗಳು ಓಡಿಸಿದ ಮೇಲೆ ಬೇಕೆನಿಸಿದರೆ ಪಡೆಯಬಹುದು. ಬಹಳಷ್ಟು ಜನರಿಗೆ ಬೇಕೆನಿಸುವುದೇ ಇಲ್ಲ.

ಎರಡನೆಯ ಬಗೆಯಲ್ಲಿ ಹೆಚ್ಚು ಶಕ್ತಿಯ ಮೋಟಾರು, ದೊಡ್ಡ ರಿಮ್, ಅಗಲವಾದ ಟೈರು, ತುಸು ಬಿಗಿಯಾದ ಸಸ್ಪೆನ್ಷನ್ ಮತ್ತು ಒಂದಿಷ್ಟು ಅಲಂಕಾರ ಸೇರಿರುತ್ತವೆ. ಫೋಕ್ಸ್‌ವ್ಯಾಗನ್ ಐಡಿ.4 ಜಿಟಿಎಕ್ಸ್ ಈ ಗುಂಪಿನದು. ಮೂರನೆಯದು ಮಾತ್ರ ಬೇರೆಯದೇ ಜಾತಿ. ಇಲ್ಲಿ ಚಾಸಿಯಿಂದ ಹಿಡಿದು ಬ್ಯಾಟರಿ ತಂಪು ಮಾಡುವ ವ್ಯವಸ್ಥೆಯವರೆಗೆ ಎಲ್ಲವನ್ನೂ ಮತ್ತೆ ಕೆತ್ತಿರುತ್ತಾರೆ. 2023ರ ಜುಲೈನಲ್ಲಿ ಅನಾವರಣಗೊಂಡ ಹುಂಡೈ ಅಯಾನಿಕ್ 5 ಎನ್ ಇದರ ಉತ್ತಮ ಉದಾಹರಣೆ: ದೇಹದ ಚೌಕಟ್ಟಿಗೆ ಹೆಚ್ಚುವರಿಯಾಗಿ 42 ವೆಲ್ಡಿಂಗ್ ಬಿಂದುಗಳು, 2.1 ಮೀಟರ್ ಉದ್ದದ ಹೆಚ್ಚಿನ ಅಂಟು, ಮುಂದೆ 400 ಮಿಲಿಮೀಟರ್ ವ್ಯಾಸದ ಬ್ರೇಕ್ ಡಿಸ್ಕ್, ಹಿಂಬದಿಗೆ ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳ ನಡುವೆ ಶಕ್ತಿಯನ್ನು ಹಂಚುವ ಸಾಧನ). ಸಾಧಾರಣ ಅಯಾನಿಕ್ 5ಕ್ಕಿಂತ ಅದು 50 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಗಿಡ್ಡ.

ನೀವು ನೋಡುತ್ತಿರುವ ಗಾಡಿ ಈ ಮೂರರಲ್ಲಿ ಯಾವುದೆಂದು ತಿಳಿಯಲು ಕ್ಯಾಟಲಾಗಿನ ಮೊದಲ ಪುಟಗಳಿಂದ ಪ್ರಯೋಜನವಿಲ್ಲ. ಕೊನೆಯ ತಾಂತ್ರಿಕ ಕೋಷ್ಟಕದಲ್ಲಿ ಬ್ರೇಕ್ ಡಿಸ್ಕಿನ ವ್ಯಾಸ, ಟೈರಿನ ಅಳತೆ, ಡ್ಯಾಂಪರಿನ (ಶಾಕ್ ಅಬ್ಸಾರ್ಬರ್) ಬಗೆ, ಗಾಡಿಯ ತೂಕ ಎಂಬ ನಾಲ್ಕು ಸಾಲುಗಳನ್ನು ಎರಡು ವೇರಿಯಂಟುಗಳಿಗೂ ಎದುರುಬದುರು ಇಟ್ಟು ನೋಡಬೇಕು. ಡಿಸ್ಕು, ಡ್ಯಾಂಪರು ಎರಡೂ ಒಂದೇ ಆಗಿದ್ದು ಕಿಲೋವ್ಯಾಟ್ ಮಾತ್ರ ಹೆಚ್ಚಾಗಿದ್ದರೆ, ಅದು ಪರ್ಫಾರ್ಮೆನ್ಸ್ ಗಾಡಿ ಎನ್ನುವುದಕ್ಕಿಂತ ಅವಸರದ ಗಾಡಿ ಎನ್ನುವುದೇ ಸರಿ.

ಸೆಕೆಂಡುಗಳು ಎಷ್ಟು ಕೊಡುತ್ತವೆ

ಸಂಖ್ಯೆಗಳನ್ನು ಒಮ್ಮೆ ಹತ್ತಿರದಿಂದ ನೋಡೋಣ. ಮೊದಲ ತಲೆಮಾರಿನ ಕಿಯಾ ಇವಿ6ರ ಎರಡು ಮೋಟಾರಿನ ಸಾಧಾರಣ ವೇರಿಯಂಟಿನ ಶಕ್ತಿ 239 ಕಿಲೋವ್ಯಾಟ್, ಅದು 5.2 ಸೆಕೆಂಡುಗಳಲ್ಲಿ ನೂರರ ವೇಗ ಮುಟ್ಟುತ್ತದೆ. ಅದೇ ಇವಿ6 ಜಿಟಿಯ ಶಕ್ತಿ 430 ಕಿಲೋವ್ಯಾಟ್, ಸಮಯ 3.5 ಸೆಕೆಂಡು. ಶಕ್ತಿ ಶೇಕಡಾ 80ರಷ್ಟು ಹೆಚ್ಚಿದರೆ ಸಿಗುವುದು 1.7 ಸೆಕೆಂಡು. ನಿಂತ ಜಾಗದಿಂದ ಪೂರ್ತಿ ಆಕ್ಸಿಲರೇಟರ್ ತುಳಿದಾಗ ಸಿಗುವ ಲಾಭ ಇದು; ಸಾಮಾನ್ಯ ರಸ್ತೆಯಲ್ಲಿ ಹಾಗೆ ತುಳಿಯುವ ಸಂದರ್ಭ ಯಾರಿಗೂ ಹೆಚ್ಚು ಬರುವುದಿಲ್ಲ.

ನಿಜವಾಗಿ ಉಪಯೋಗಕ್ಕೆ ಬರುವುದು ಓವರ್‌ಟೇಕ್ ಮಾಡುವಾಗಿನ ಪಿಕಪ್. 2,200 ಕಿಲೋ ತೂಕದ ಗಾಡಿಯನ್ನು 80ರಿಂದ 110 ಕಿಲೋಮೀಟರ್ ವೇಗಕ್ಕೆ ಏರಿಸಲು ಸುಮಾರು 480 ಕಿಲೋಜೂಲ್ ಶಕ್ತಿ ಬೇಕು. ಗಾಳಿಯ ತಡೆಯನ್ನು ಬದಿಗಿಟ್ಟು, ಚಕ್ರಕ್ಕೆ ತಲುಪುವಾಗ ಒಂದಿಷ್ಟು ನಷ್ಟವಾಗುತ್ತದೆ ಎಂದು ಹಿಡಿದು ಅಂದಾಜು ಮಾಡಿದರೆ, 170 ಕಿಲೋವ್ಯಾಟ್ ಆಸುಪಾಸಿನ ಒಂದೇ ಮೋಟಾರಿನ ಗಾಡಿಗೆ ಇದಕ್ಕೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು, 240 ಕಿಲೋವ್ಯಾಟಿನ ಎರಡು ಮೋಟಾರಿನ ಗಾಡಿಗೆ ಎರಡೂವರೆ ಸೆಕೆಂಡಿನ ಒಳಗೆ, 450 ಕಿಲೋವ್ಯಾಟಿನ ಗಾಡಿಗೆ ಒಂದೂಕಾಲು ಸೆಕೆಂಡಿನಷ್ಟು ಹೊತ್ತು ಸಾಕಾಗುತ್ತದೆ. ಎಂಜಿನ್ ಗಾಡಿಯಲ್ಲಿ ಗೇರು ಕೆಳಗಿಳಿದು ಎಂಜಿನ್ ವೇಗ ಹಿಡಿಯುವುದರಲ್ಲಿ ಕಳೆದುಹೋಗುವ ಹೊತ್ತು ಇಲ್ಲಿ ಯಾವ ಗಾಡಿಯಲ್ಲೂ ಇಲ್ಲ. ಹೀಗಾಗಿ ಎದುರಿನಿಂದ ವಾಹನ ಬರುವ ರಸ್ತೆಯಲ್ಲಿ ಲಾರಿಯನ್ನು ಹಿಂದಿಕ್ಕಲು ನಡುವಿನ ವೇರಿಯಂಟಿಗಿಂತ ಹೆಚ್ಚಿನದು ಬೇಕು ಎನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಒಂದು ಸೆಕೆಂಡಿನ ಅಂತರದ ಮೇಲೆ ನಿಂತ ಓವರ್‌ಟೇಕನ್ನು ಯಾವ ಗಾಡಿಯಲ್ಲೂ ಮಾಡಬಾರದು.

ಪ್ರಕಟಿತ ಸೆಕೆಂಡುಗಳಿಗೆ ಷರತ್ತುಗಳೂ ಇವೆ. ಅಯಾನಿಕ್ 5 ಎನ್ ತನ್ನ 448 ಕಿಲೋವ್ಯಾಟನ್ನು 478ಕ್ಕೆ ಏರಿಸಿಕೊಳ್ಳುವುದು ಸ್ಟಿಯರಿಂಗ್ ಮೇಲಿನ ಗುಂಡಿ ಒತ್ತಿದ ಮೇಲಿನ 10 ಸೆಕೆಂಡುಗಳ ಮಟ್ಟಿಗೆ, 3.4 ಸೆಕೆಂಡಿನ ಅಂಕಿ ಆ ಸ್ಥಿತಿಯದ್ದು. ಅಮೆರಿಕದ ಕೆಲವು ಕಂಪನಿಗಳು ಗಾಡಿ ಹೊರಟ ಮೊದಲ ಒಂದು ಅಡಿಯ ಸಮಯವನ್ನು ಲೆಕ್ಕಕ್ಕೇ ಹಿಡಿಯದೆ ಅಂಕಿ ಕೊಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿ ತಣ್ಣಗಿದ್ದರೆ ಅಥವಾ ಚಾರ್ಜು ಕೆಳಮಟ್ಟಕ್ಕೆ ಇಳಿದಿದ್ದರೆ ಅದು ಕೊಡಬಲ್ಲ ಗರಿಷ್ಠ ಶಕ್ತಿಯೇ ಕುಗ್ಗುತ್ತದೆ. ಶಕ್ತಿ ಹೆಚ್ಚಿದ್ದಷ್ಟೂ ಈ ಕುಗ್ಗುವಿಕೆ ಎದ್ದು ಕಾಣುತ್ತದೆ. ಶೇಕಡಾ 90 ಚಾರ್ಜಿನಲ್ಲಿ ಮೈ ಜುಮ್ಮೆನಿಸಿದ ಗಾಡಿ ಶೇಕಡಾ 15ರಲ್ಲಿ ತನ್ನ ಅಗ್ಗದ ತಮ್ಮನಂತೆಯೇ ನಡೆದುಕೊಳ್ಳಬಹುದು.

ರೇಂಜ್ ಕಡಿಮೆಯಾಗುವುದು ಮೋಟಾರಿನಿಂದಲ್ಲ

ಎಂಜಿನ್ ಗಾಡಿಗಳ ಅನುಭವದಿಂದ ಬಂದವರಿಗೆ ಶಕ್ತಿ ಹೆಚ್ಚಾದರೆ ಮೈಲೇಜ್ ಕಡಿಮೆ ಎಂಬುದು ಸಹಜ ಲೆಕ್ಕ. ಎಲೆಕ್ಟ್ರಿಕ್ ಗಾಡಿಯಲ್ಲಿ ಆ ಲೆಕ್ಕ ಅಷ್ಟು ನೇರವಾಗಿ ಹೊಂದುವುದಿಲ್ಲ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡುವ ಇಂಥ ಎಸ್‌ಯುವಿಗೆ ಬೇಕಾಗುವುದು ಸುಮಾರು 20 ಕಿಲೋವ್ಯಾಟ್ ಮಾತ್ರ. ಮೋಟಾರಿನ ಗರಿಷ್ಠ ಶಕ್ತಿ 240 ಆಗಿರಲಿ 450 ಆಗಿರಲಿ, ಆ 20ನ್ನು ಒದಗಿಸುವಾಗ ಆಗುವ ವ್ಯತ್ಯಾಸ ಸಣ್ಣದು. ನೂರರ ವೇಗಕ್ಕೆ ಏರಿಸುವಾಗ ಗಾಡಿಯಲ್ಲಿ ಶೇಖರವಾಗುವ ಚಲನಶಕ್ತಿ ಕಾಲು ಕಿಲೋವ್ಯಾಟ್ ಗಂಟೆಗೂ ತುಸು ಕಡಿಮೆ; ಅದನ್ನು ಮೂರೂವರೆ ಸೆಕೆಂಡಿನಲ್ಲಿ ಗಳಿಸಿದರೂ ಹತ್ತು ಸೆಕೆಂಡಿನಲ್ಲಿ ಗಳಿಸಿದರೂ ಮೊತ್ತ ಅಷ್ಟೇ, ಬ್ರೇಕು ಹಿಡಿದಾಗ ಅದರಲ್ಲಿ ದೊಡ್ಡ ಪಾಲು ಬ್ಯಾಟರಿಗೆ ಮರಳುತ್ತದೆ.

ಪೋರ್ಷೆಯ ಎಲೆಕ್ಟ್ರಿಕ್ ಮಕಾನ್ ಇದಕ್ಕೆ ಒಳ್ಳೆಯ ಸಾಕ್ಷಿ. ಮಕಾನ್ 4 ಮತ್ತು ಮಕಾನ್ ಟರ್ಬೊ ಎರಡರಲ್ಲೂ 100 ಕಿಲೋವ್ಯಾಟ್ ಗಂಟೆಯ ಒಂದೇ ಬ್ಯಾಟರಿ. ಮೊದಲನೆಯದರ ಗರಿಷ್ಠ ಶಕ್ತಿ 300 ಕಿಲೋವ್ಯಾಟ್, ಎರಡನೆಯದರದು 470. ನೂರು ಮುಟ್ಟಲು ಕ್ರಮವಾಗಿ 5.2 ಮತ್ತು 3.3 ಸೆಕೆಂಡು. ಇಷ್ಟಾದರೂ 2024ರಲ್ಲಿ ಬಿಡುಗಡೆಯಾದಾಗ ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯ ಗರಿಷ್ಠ ರೇಂಜ್ 613 ಮತ್ತು 591 ಕಿಲೋಮೀಟರ್. ಅಂತರ ಶೇಕಡಾ 4 ಕೂಡ ಇಲ್ಲ. 2025ರ ಹೊಸ ಮಾಡೆಲ್ ವೈ ಪರ್ಫಾರ್ಮೆನ್ಸ್ ಮತ್ತು ಅದರ ಎರಡು ಮೋಟಾರಿನ ಲಾಂಗ್ ರೇಂಜ್ ನಡುವೆ ಅದೇ ಪರೀಕ್ಷೆಯಲ್ಲಿ ಇರುವುದು 580 ಮತ್ತು 586ರ ವ್ಯತ್ಯಾಸ.

ಈಗ ಇನ್ನೊಂದು ಕಡೆ ನೋಡಿ. 2025ರ ಅಮೆರಿಕದ ಅಯಾನಿಕ್ 5 ಸರಣಿಯಲ್ಲಿ 84 ಕಿಲೋವ್ಯಾಟ್ ಗಂಟೆಯ ಬ್ಯಾಟರಿಯಿರುವ ವೇರಿಯಂಟುಗಳಿಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಪರೀಕ್ಷೆಯಲ್ಲಿ ಸಿಕ್ಕ ರೇಂಜ್ ಹೀಗಿದೆ: ಹಿಂಬದಿಯ ಒಂದೇ ಮೋಟಾರಿನ ಗಾಡಿಗೆ 512 ಕಿಲೋಮೀಟರ್, ಎರಡು ಮೋಟಾರಿನ ಎಸ್‌ಇಗೆ 467, ಅದೇ ಎರಡು ಮೋಟಾರು ಇರುವ ದುಬಾರಿ ಲಿಮಿಟೆಡ್‌ಗೆ 433, ಎನ್‌ಗೆ 356. ಇಲ್ಲಿ ಎಸ್‌ಇ ಮತ್ತು ಲಿಮಿಟೆಡ್ ನಡುವಿನ 34 ಕಿಲೋಮೀಟರ್ ಅಂತರವನ್ನು ಗಮನಿಸಬೇಕು. ಎರಡರಲ್ಲೂ ಅವೇ ಮೋಟಾರುಗಳು, ಅದೇ ಬ್ಯಾಟರಿ; ಕಣ್ಣಿಗೆ ಬೀಳುವ ದೊಡ್ಡ ವ್ಯತ್ಯಾಸ 19 ಇಂಚಿನ ರಿಮ್ ಬದಲು 20 ಇಂಚಿನದು. ಎನ್ ಕಳೆದುಕೊಳ್ಳುವ ರೇಂಜಿನ ಹಿಂದೆಯೂ 21 ಇಂಚಿನ ಅಗಲ ಟೈರು, ಅದರ ಅಂಟು ರಬ್ಬರು, ಹೆಚ್ಚಿದ ತೂಕ, ಅಗಲಗೊಂಡ ಮೈ ಇವೇ ಮುಖ್ಯವಾಗಿ ಇವೆ.

ಇದರ ಪರಿಣಾಮ ದೂರ ಪ್ರಯಾಣದಲ್ಲಿ ತಿಳಿಯುತ್ತದೆ. ದಾರಿಯಲ್ಲಿ ಯಾರೂ ಬ್ಯಾಟರಿಯನ್ನು ನೂರಕ್ಕೆ ತುಂಬಿಸಿ ಸೊನ್ನೆಗೆ ಇಳಿಸುವುದಿಲ್ಲ. 10ರಿಂದ 80ರ ನಡುವೆ ಓಡಿಸುತ್ತಾರೆ. ಆ ಶೇಕಡಾ 70ರಲ್ಲಿ ಎಸ್‌ಇ ಸುಮಾರು 327 ಕಿಲೋಮೀಟರ್ ಓಡಿದರೆ ಎನ್ ಸುಮಾರು 249 ಓಡುತ್ತದೆ, ಅದೂ ಪರೀಕ್ಷೆಯ ಲೆಕ್ಕದಲ್ಲಿ. ಚಾರ್ಜ್ ಆಗುವ ವೇಗ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಶಕ್ತಿಶಾಲಿ ಚಾರ್ಜರ್ ಸಿಕ್ಕರೆ ಇಪ್ಪತ್ತು ನಿಮಿಷದ ಒಳಗೆ ಕೆಲಸ ಮುಗಿಯುತ್ತದೆ. ಆದರೆ ಅಂಥ ಚಾರ್ಜರುಗಳು ವಿರಳವಾಗಿರುವ ದಾರಿಯಲ್ಲಿ 78 ಕಿಲೋಮೀಟರ್ ಎಂದರೆ ಎಷ್ಟೋ ಸಲ ಒಂದು ನಿಲ್ದಾಣದ ವ್ಯತ್ಯಾಸ. ಮನೆಯಲ್ಲೇ ಚಾರ್ಜ್ ಮಾಡಿಕೊಂಡು ದಿನಕ್ಕೆ ಐವತ್ತು, ಅರವತ್ತು ಕಿಲೋಮೀಟರ್ ಓಡಿಸುವವರು ಈ ಇಡೀ ಪ್ಯಾರಾವನ್ನು ಮರೆತರೂ ನಷ್ಟವಿಲ್ಲ.

ಒಂದು ಎಚ್ಚರಿಕೆ: ಯುರೋಪಿನ ಪರೀಕ್ಷೆಯ ಅಂಕಿಯನ್ನು ಅಮೆರಿಕದ ಅಂಕಿಯೊಡನೆ ಅಡ್ಡಡ್ಡ ಹೋಲಿಸಬಾರದು. ಒಂದೇ ಗಾಡಿಗೆ ಯುರೋಪಿನ ಅಂಕಿ ಹೆಚ್ಚಾಗಿಯೇ ಬರುತ್ತದೆ. ಅಯಾನಿಕ್ 5 ಎನ್‌ಗೆ ಅಲ್ಲಿ 448 ಕಿಲೋಮೀಟರ್. ಎರಡು ವೇರಿಯಂಟುಗಳನ್ನು ಹೋಲಿಸುವಾಗ ಎರಡೂ ಅಂಕಿಗಳು ಒಂದೇ ಪರೀಕ್ಷೆಯವು, ಒಂದೇ ವರ್ಷದವು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಟೈರಿನ ಗೋಡೆ

ದುಬಾರಿ ವೇರಿಯಂಟಿನ ಅತಿ ದೊಡ್ಡ ದೈನಂದಿನ ವೆಚ್ಚ ಟೈರು ಎಂದು ನಾನು ಭಾವಿಸುತ್ತೇನೆ. ಟೈರಿನ ಮೇಲೆ ಬರೆದಿರುವ ಅಳತೆಯಿಂದಲೇ ಅದರ ಪಕ್ಕದ ಗೋಡೆ ಎಷ್ಟು ಎತ್ತರ ಎಂಬುದನ್ನು ಲೆಕ್ಕ ಹಾಕಬಹುದು: ಅಗಲವನ್ನು ಅದರ ಮುಂದಿನ ಶೇಕಡಾವಾರು ಸಂಖ್ಯೆಯಿಂದ ಗುಣಿಸಿದರಾಯಿತು. ಅಯಾನಿಕ್ 5ರ 19 ಇಂಚಿನ ಟೈರು 235/55. ಗೋಡೆಯ ಎತ್ತರ 129 ಮಿಲಿಮೀಟರ್. 20 ಇಂಚಿನದು 255/45, ಎತ್ತರ 115. ಎನ್‌ನ 21 ಇಂಚಿನದು 275/35. ಎತ್ತರ ಬರೀ 96. ಅಂದರೆ ಗುಂಡಿಗೂ ರಿಮ್ಮಿಗೂ ನಡುವೆ ಇರುವ ರಬ್ಬರು ಮತ್ತು ಗಾಳಿಯ ಮೆತ್ತೆಯಲ್ಲಿ ಕಾಲು ಭಾಗ ಮಾಯವಾಗಿದೆ. ಎರಡು ಟನ್ನಿಗೂ ಹೆಚ್ಚು ತೂಕದ ಗಾಡಿ ಚೂಪು ಅಂಚಿನ ಗುಂಡಿಗೆ ವೇಗವಾಗಿ ಇಳಿದಾಗ ಟೈರಿನ ಪಕ್ಕ ಉಬ್ಬುವುದು, ರಿಮ್ ಬಾಗುವುದು ಈ ಕಾಲು ಭಾಗದ ಕೊರತೆಯಿಂದ. ಪಕ್ಕದ ಗೋಡೆಗೆ ಆದ ಪೆಟ್ಟಿಗೆ ಪಂಕ್ಚರ್ ಹಾಕಿಸಿ ಸುಧಾರಿಸುವ ದಾರಿಯಿಲ್ಲ, ಟೈರನ್ನೇ ಬದಲಿಸಬೇಕು. ಇಂಥ ಗಾಡಿಗಳಲ್ಲಿ ಸ್ಟೆಪ್ನಿಯೂ ಸಾಮಾನ್ಯವಾಗಿ ಇರುವುದಿಲ್ಲ.

ಅಂಟುಗುಣ ಹೆಚ್ಚಿರುವ ಮೆದು ರಬ್ಬರು ಬೇಗ ಸವೆಯುತ್ತದೆ. ಚಳಿ ದೇಶದವರಿಗೆ ಇನ್ನೊಂದು ಖರ್ಚು: ಬೇಸಿಗೆಯ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುವುದರಿಂದ ಚಳಿಗಾಲಕ್ಕೆ ಎರಡನೆಯ ಜೊತೆ ಬೇಕೇಬೇಕು, ಅದೂ ಸುಲಭವಾಗಿ ಸಿಗದ ಅಳತೆಯಲ್ಲಿ. ಚಿಕ್ಕ ರಿಮ್ ಹಾಕಿಸಿಕೊಳ್ಳೋಣ ಎಂದರೆ ದೊಡ್ಡ ಬ್ರೇಕ್ ಡಿಸ್ಕಿನ ಮೇಲೆ ಅದು ಕೂರುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಬುಕಿಂಗ್‌ಗೆ ಮೊದಲು ಟೈರಿನ ಅಂಗಡಿಗೆ ಹೋಗಿ ಆ ಅಳತೆಯ ನಾಲ್ಕು ಟೈರುಗಳ ಬೆಲೆ ಕೇಳಿ, ಅವು ದಾಸ್ತಾನಿನಲ್ಲಿ ಇರುತ್ತವೆಯೇ ತರಿಸಬೇಕಾಗುತ್ತದೆಯೇ ಎಂದು ತಿಳಿದುಕೊಂಡರೆ, ಮಾರಾಟ ಪ್ರತಿನಿಧಿ ಅರ್ಧ ಗಂಟೆ ಹೇಳುವುದಕ್ಕಿಂತ ಹೆಚ್ಚು ವಿಷಯ ತಿಳಿಯುತ್ತದೆ.

ಹಣಕ್ಕೆ ನಿಜವಾಗಿ ಸಿಗುವುದು

ಇಷ್ಟು ಹೇಳಿದ ಮೇಲೆ ದುಬಾರಿ ವೇರಿಯಂಟ್ ಬರೀ ಆಡಂಬರ ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ಅನ್ಯಾಯ. ಮೇಲೆ ಹೇಳಿದ ಮೂರನೆಯ ಬಗೆಯ ಗಾಡಿಯಲ್ಲಿ ನಿಜವಾಗಿ ಕೊಳ್ಳುವುದು ಶಕ್ತಿಯನ್ನಲ್ಲ, ಆ ಶಕ್ತಿಯನ್ನು ಪದೇ ಪದೇ ಬಳಸಿದರೂ ಸೋಲದ ದೇಹವನ್ನು. ಸಾಧಾರಣ ಎಲೆಕ್ಟ್ರಿಕ್ ಗಾಡಿಯನ್ನು ಘಟ್ಟದ ರಸ್ತೆಯಲ್ಲಿ ಅಥವಾ ಟ್ರ್ಯಾಕಿನಲ್ಲಿ ಬಿರುಸಾಗಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಬ್ಯಾಟರಿ, ಮೋಟಾರು ಬಿಸಿಯೇರುತ್ತವೆ. ಅವುಗಳ ರಕ್ಷಣೆಗಾಗಿ ಕಂಪ್ಯೂಟರು ಶಕ್ತಿಯನ್ನು ಕಡಿತಗೊಳಿಸುತ್ತದೆ. ಅಯಾನಿಕ್ 5 ಎನ್‌ನಂಥ ಗಾಡಿಯಲ್ಲಿ ಓಟಕ್ಕೆ ಮೊದಲೇ ಬ್ಯಾಟರಿಯನ್ನು ಸರಿಯಾದ ಉಷ್ಣತೆಗೆ ತರುವ ವ್ಯವಸ್ಥೆ ಇದೆ, ತಂಪು ಮಾಡುವ ವ್ಯವಸ್ಥೆ ದೊಡ್ಡದಿದೆ. ಮೋಟಾರೇ 0.6 ಜಿಯಷ್ಟು (ಗುರುತ್ವಬಲದ ಶೇಕಡಾ 60ರಷ್ಟು) ಬ್ರೇಕು ಹಿಡಿಯುವುದರಿಂದ ಡಿಸ್ಕುಗಳ ಮೇಲಿನ ಹೊರೆ ಇಳಿಯುತ್ತದೆ. ಟ್ರ್ಯಾಕಿಗೆ ಹೋಗುವ ಹವ್ಯಾಸವುಳ್ಳವರಿಗೆ ಇದಕ್ಕೆ ಬದಲಿಯಿಲ್ಲ, ಸಾಧಾರಣ ವೇರಿಯಂಟನ್ನು ಹೊರಗಡೆ ಮಾರ್ಪಡಿಸಿ ಈ ಮಟ್ಟಕ್ಕೆ ತರಲಾಗುವುದೂ ಇಲ್ಲ. ಟ್ರ್ಯಾಕಿನ ಬಳಕೆಗೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಮಾತ್ರ ಬರಹದಲ್ಲಿ ಕೇಳಿ ಪಡೆಯಬೇಕು.

ಅದೇ ಗಾಡಿಯಲ್ಲಿ ಎಂಟು ಗೇರುಗಳ ಬಾಕ್ಸನ್ನು ಅನುಕರಿಸುವ, ಗೇರು ಬದಲಿಸಿದಾಗ ಸಣ್ಣ ಜೋಲಿ ಕೊಡುವ, ಸ್ಪೀಕರಿನಿಂದ ಎಂಜಿನ್ ಸದ್ದು ಹೊರಡಿಸುವ ಒಂದು ವ್ಯವಸ್ಥೆಯಿದೆ. ಕೇಳಲು ಹುಡುಗಾಟದಂತಿದ್ದರೂ ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸದ್ದೇ ಇಲ್ಲದ ಗಾಡಿಯಲ್ಲಿ ತಿರುವಿನ ಹೊತ್ತಿಗೆ ಎಷ್ಟು ವೇಗದಲ್ಲಿದ್ದೇವೆ ಎಂಬ ಅಂದಾಜು ಚಾಲಕನಿಗೆ ಸಿಗುವುದಿಲ್ಲ, ಪರದೆಯತ್ತ ಕಣ್ಣು ಹಾಯಿಸಬೇಕಾಗುತ್ತದೆ. ಗೇರು ಮತ್ತು ಸದ್ದು ಆ ಅಂದಾಜನ್ನು ಕಿವಿಗೆ ಮರಳಿಸುತ್ತವೆ. ಬೇಡದವರು ಆರಿಸಿಡಬಹುದು.

ರಸ್ತೆಯಲ್ಲೇ ಓಡಿಸುವವರಿಗೆ ಅತ್ಯಂತ ಬೆಲೆಬಾಳುವ ಭಾಗ ಬೇರೆಯದೇ ಇದೆ: ರಸ್ತೆಗೆ ತಕ್ಕಂತೆ ಬಿಗಿ, ಸಡಿಲ ಮಾಡಿಕೊಳ್ಳುವ ಅಡಾಪ್ಟಿವ್ ಡ್ಯಾಂಪರ್. ಭಾರವಾದ ಬ್ಯಾಟರಿಯ ಗಾಡಿಗಳಿಗೆ ಸಾಧಾರಣ ಸಸ್ಪೆನ್ಷನ್ ಒಂದೋ ಗಡುಸಾಗುತ್ತದೆ, ಇಲ್ಲವೇ ವೇಗದಲ್ಲಿ ತೂಗಾಡುತ್ತದೆ. ಅಡಾಪ್ಟಿವ್ ಡ್ಯಾಂಪರ್ ಈ ಎರಡರ ನಡುವೆ ದಾರಿ ಕಂಡುಕೊಳ್ಳುತ್ತದೆ. ಇವಿ6 ಜಿಟಿ, ಅಯಾನಿಕ್ 5 ಎನ್, 2025ರ ಮಾಡೆಲ್ ವೈ ಪರ್ಫಾರ್ಮೆನ್ಸ್ ಮೂರರಲ್ಲೂ ಇದು ಇದೆ. ಹಿಂದಿನ ಮಾಡೆಲ್ ವೈ ಪರ್ಫಾರ್ಮೆನ್ಸ್‌ನಲ್ಲಿ ಇದು ಇರಲಿಲ್ಲ. 21 ಇಂಚಿನ ರಿಮ್ ಇತ್ತು, ಅದನ್ನು ಸಂಭಾಳಿಸುವ ಡ್ಯಾಂಪರ್ ಇರಲಿಲ್ಲ. ಹೆಸರು ಒಂದೇ ಆಗಿದ್ದರೂ ಇವೆರಡಕ್ಕೆ ಉತ್ತರ ಬೇರೆ ಬೇರೆ: ಹಳೆಯದಕ್ಕೆ ನಾನು ಬೇಡ ಎನ್ನುತ್ತಿದ್ದೆ, ಹೊಸದಕ್ಕೆ ಯೋಚಿಸಿ ಎನ್ನುತ್ತೇನೆ. ಇನ್ನು ಮಕಾನ್‌ನಲ್ಲಿ ಟರ್ಬೊಗೆ ಸಹಜವಾಗಿ ಬರುವ ಏರ್ ಸಸ್ಪೆನ್ಷನ್ನನ್ನು ಮಕಾನ್ 4ಕ್ಕೆ ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳಬಹುದು. ನಡುವಿನ ವೇರಿಯಂಟಿಗೆ ಒಳ್ಳೆಯ ಡ್ಯಾಂಪರ್ ಸೇರಿಸಿ, ಚಿಕ್ಕ ರಿಮ್ ಉಳಿಸಿಕೊಳ್ಳುವ ಅವಕಾಶ ಎಲ್ಲಿ ಸಿಕ್ಕರೂ ಅದನ್ನು ಬಿಡಬಾರದು. ನನ್ನ ಲೆಕ್ಕದಲ್ಲಿ ಇದಕ್ಕಿಂತ ಉತ್ತಮ ಜೋಡಣೆ ಇಲ್ಲ.

ಕಳೆದುಕೊಳ್ಳುವ ಸೌಕರ್ಯಗಳು

ಮೇಲ್ತುದಿಯ ವೇರಿಯಂಟಿನಲ್ಲಿ ಎಲ್ಲವೂ ಇರುತ್ತದೆ ಎಂಬ ನಂಬಿಕೆ ಎಲೆಕ್ಟ್ರಿಕ್ ಗಾಡಿಗಳಲ್ಲಿ ಪದೇ ಪದೇ ಸುಳ್ಳಾಗುತ್ತದೆ. ಇವಿ6 ಜಿಟಿ ಮತ್ತು ಅಯಾನಿಕ್ 5 ಎನ್‌ಗಳ ಮುಂಬದಿಯ ಬಕೆಟ್ ಸೀಟುಗಳನ್ನು ಕೈಯಿಂದಲೇ ಹಿಂದೆ ಮುಂದೆ ಸರಿಸಬೇಕು. ಅವುಗಳಿಗಿಂತ ಅಗ್ಗದ ವೇರಿಯಂಟುಗಳಲ್ಲಿ ಮೋಟಾರು ಚಾಲಿತ ಸೀಟುಗಳಿವೆ. ತೂಕ ಉಳಿಸಲು, ಕುಳಿತವರನ್ನು ತಿರುವಿನಲ್ಲಿ ಹಿಡಿದಿಡಲು ಹೀಗೆ ಮಾಡಿದ್ದಾರೆ ಎಂಬ ಸಮಜಾಯಿಷಿ ಸರಿಯೇ. ಆದರೆ ಒಂದೇ ಗಾಡಿಯನ್ನು ಇಬ್ಬರು ಮೂವರು ಓಡಿಸುವ ಮನೆಯಲ್ಲಿ, ಮಂಡಿನೋವಿನ ಹಿರಿಯರು ಹತ್ತಿ ಇಳಿಯುವ ಮನೆಯಲ್ಲಿ ಪಕ್ಕಗಳು ಎತ್ತರವಾಗಿರುವ ಬಕೆಟ್ ಸೀಟು ದಿನವೂ ಕಿರಿಕಿರಿಯಾಗುತ್ತದೆ. ಅಗಲ ಟೈರಿನಿಂದ ತಿರುಗಿಸುವ ಸುತ್ತಳತೆಯೂ ಹೆಚ್ಚಬಹುದು, ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಅದು ಗೊತ್ತಾಗುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಪಿಕಪ್ಪಿನಿಂದ ಸಿಗುವುದು ಹೆಚ್ಚಾಗಿ ಹೊಟ್ಟೆ ತೊಳಸುವಿಕೆ.

ವಿಮೆಯ ಕಂತು, ತೆರಿಗೆ, ಸಾಲದ ಬಡ್ಡಿ ಇವು ಬೆಲೆಯೊಡನೆ ಏರುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರುಮಾರಾಟದ ಬಗ್ಗೆ ಮಾತ್ರ ಒಂದು ಮಾತಿದೆ. ಎಂಜಿನ್ ಕಾಲದಲ್ಲಿ ಶಕ್ತಿಶಾಲಿ ಗಾಡಿ ವರ್ಷಗಳ ನಂತರವೂ ಶಕ್ತಿಶಾಲಿಯೆಂದೇ ಉಳಿಯುತ್ತಿತ್ತು. ಎಲೆಕ್ಟ್ರಿಕ್‌ನಲ್ಲಿ ಆ ಹಿರಿಮೆ ಬೇಗ ಕರಗುತ್ತದೆ. ಐಡಿ.4 ಜಿಟಿಎಕ್ಸ್ ಮೊದಲು ಬಂದಾಗ ಎರಡು ಮೋಟಾರುಗಳ ಒಟ್ಟು 220 ಕಿಲೋವ್ಯಾಟಿನೊಡನೆ 6.2 ಸೆಕೆಂಡಿನಲ್ಲಿ ನೂರು ಮುಟ್ಟುತ್ತಿತ್ತು, ಒಂದೇ ಮೋಟಾರಿನ 150 ಕಿಲೋವ್ಯಾಟ್ ಗಾಡಿಗೆ 8.5 ಸೆಕೆಂಡು ಬೇಕಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿ ಹೊಸ ಮೋಟಾರು ತಂದಾಗ ಆ ಸಾಧಾರಣ ಗಾಡಿಯೇ 210 ಕಿಲೋವ್ಯಾಟ್ ಪಡೆದು 6.7 ಸೆಕೆಂಡಿಗೆ ಇಳಿಯಿತು. ಹಳೆಯ ಜಿಟಿಎಕ್ಸ್‌ಗೆ ಹೆಚ್ಚಿನ ಹಣ ಕೊಟ್ಟವರ ಪಾಲಿಗೆ ಉಳಿದದ್ದು ಅರ್ಧ ಸೆಕೆಂಡು. ಸೆಕೆಂಡಿಗೆ ಕೊಟ್ಟ ಹಣ ಹೀಗೆ ಹಳತಾಗುತ್ತದೆ, ಬ್ರೇಕಿಗೂ ಡ್ಯಾಂಪರಿಗೂ ಕೊಟ್ಟದ್ದು ಅಷ್ಟು ಬೇಗ ಆಗುವುದಿಲ್ಲ.

ಯಾರಿಗೆ ಯಾವುದು

ಊರೊಳಗೆ ಓಡಾಟ, ಆಗಾಗ ಹೆದ್ದಾರಿ, ಮಳೆಯಲ್ಲೂ ಒಳ್ಳೆಯ ರಸ್ತೆ ಇದ್ದಲ್ಲೇ ಪ್ರಯಾಣ ಎನ್ನುವವರಿಗೆ ಒಂದೇ ಮೋಟಾರಿನ, ದೊಡ್ಡ ಬ್ಯಾಟರಿಯ ಗಾಡಿ ಧಾರಾಳವಾಗಿ ಸಾಕು. ಗುಡ್ಡಗಾಡು, ಮಣ್ಣುದಾರಿ, ಹಿಮ, ತುಂಬಿದ ಗಾಡಿ, ಅಥವಾ ಪಿಕಪ್ ಸ್ವಲ್ಪ ಚುರುಕಾಗಿರಲಿ ಎಂಬ ಆಸೆ ಇದ್ದವರಿಗೆ ಎರಡು ಮೋಟಾರಿನ ನಡುವಿನ ವೇರಿಯಂಟ್. ನನ್ನನ್ನು ಕೇಳುವ ಬಹುಪಾಲು ಜನರಿಗೆ ನಾನು ಇದನ್ನೇ ಹೇಳುತ್ತೇನೆ. ಮೇಲ್ತುದಿಯದನ್ನು ಎರಡೇ ಗುಂಪಿಗೆ ಶಿಫಾರಸು ಮಾಡುತ್ತೇನೆ: ಗಾಡಿ ಓಡಿಸುವುದೇ ಹವ್ಯಾಸವಾಗಿದ್ದು ಟ್ರ್ಯಾಕಿಗೋ ಘಟ್ಟದ ರಸ್ತೆಗೋ ಬಿಡುವು ಮಾಡಿಕೊಂಡು ಹೋಗುವವರು, ಹಾಗೂ ಅಡಾಪ್ಟಿವ್ ಡ್ಯಾಂಪರಿನಂಥ ಒಂದು ಖಚಿತ ಸೌಲಭ್ಯ ಬೇಕಾಗಿದ್ದು, ಅದು ಬೇರೆ ಯಾವ ವೇರಿಯಂಟಿನಲ್ಲೂ ಸಿಗದೆ ಇರುವವರು. ಬರೀ ಇಷ್ಟಪಟ್ಟು ಕೊಳ್ಳುವವರೂ ಇದ್ದಾರೆ. ಸಾಲದ ಹೊರೆಯಾಗದಿದ್ದರೆ ಅದೂ ತಪ್ಪಲ್ಲ. ಅದಕ್ಕೆ ಓವರ್‌ಟೇಕಿನ ಸುರಕ್ಷತೆಯ ಕಾರಣ ಕೊಡಬಾರದಷ್ಟೇ.

ಟೆಸ್ಟ್ ಡ್ರೈವ್ ಕೇಳುವಾಗ ಎರಡು ಮೋಟಾರಿನ ಸಾಧಾರಣ ಗಾಡಿಯನ್ನು ಮೊದಲು ಕೇಳಿ, ಅದನ್ನು ಸ್ಪೋರ್ಟ್ ಮೋಡ್‌ಗೆ ಹಾಕಿ ಓಡಿಸಬೇಕು. ದುಬಾರಿ ಗಾಡಿಯನ್ನು ಮೊದಲು ಓಡಿಸಿದವರಿಗೆ ಉಳಿದದ್ದೆಲ್ಲ ಸಪ್ಪೆಯಾಗಿ ಕಾಣುತ್ತದೆ, ಶೋರೂಮಿನವರಿಗೆ ಇದು ಚೆನ್ನಾಗಿ ಗೊತ್ತು. ಎರಡನ್ನೂ ಒಂದೇ ರಸ್ತೆಯಲ್ಲಿ, ಒಂದೇ ದಿನ ಓಡಿಸಿ, ನುಣುಪು ರಸ್ತೆಗಿಂತ ಕಿತ್ತುಹೋದ ರಸ್ತೆಯಲ್ಲಿ 30, 40ರ ವೇಗದಲ್ಲಿ ಹೇಗಿದೆ ಎಂದು ನೋಡಬೇಕು. ಅಷ್ಟು ವೇಗದಲ್ಲೇ ಗಡುಸು ಸಸ್ಪೆನ್ಷನ್ ಬಯಲಾಗುವುದು. ಹೆದ್ದಾರಿಯಲ್ಲಿ ಹಾಡು ಆರಿಸಿ ಟೈರಿನ ಸದ್ದು ಕೇಳಬೇಕು. ದಿನವೂ ಹಿಂದೆ ಕೂರುವವರನ್ನು ಹಿಂದೆಯೇ ಕೂರಿಸಿ ಅವರ ಮಾತು ಕೇಳಬೇಕು.

ಬಳಸಿದ ಪರ್ಫಾರ್ಮೆನ್ಸ್ ಗಾಡಿ ನಡುವಿನ ಹೊಸ ವೇರಿಯಂಟಿನ ಬೆಲೆಗೆ ಸಿಕ್ಕರೆ ಲೆಕ್ಕ ಬದಲಾಗುತ್ತದೆ, ಆದರೆ ನೋಡುವ ಜಾಗಗಳೂ ಬದಲಾಗುತ್ತವೆ. ನಾಲ್ಕೂ ಟೈರುಗಳ ಒಳ ಅಂಚಿನ ಸವೆತವನ್ನು ಬಗ್ಗಿ ನೋಡಬೇಕು, ರಿಮ್ಮಿನ ಒಳಮೈಯಲ್ಲಿ ಬಾಗು ಇದೆಯೇ ಎಂದು ಚಕ್ರ ತಿರುಗಿಸಿ ಪರೀಕ್ಷಿಸಬೇಕು, ಬ್ರೇಕ್ ಡಿಸ್ಕಿನ ಮೇಲೆ ಕಾದು ಬಣ್ಣಗೆಟ್ಟ ಗುರುತು ಅಥವಾ ಕೂದಲೆಳೆಯಂಥ ಬಿರುಕು ಕಂಡರೆ ಗಾಡಿ ಟ್ರ್ಯಾಕ್ ಕಂಡಿದೆ ಎಂದು ತಿಳಿಯಬೇಕು. ಬ್ಯಾಟರಿಯ ಆರೋಗ್ಯದ ವರದಿಯನ್ನು ಸರ್ವಿಸ್ ಕೇಂದ್ರದಿಂದ ಪಡೆದು, ಮುಂದೆ ಹಾಕಿಸಬೇಕಾಗುವ ನಾಲ್ಕು ಹೊಸ ಟೈರುಗಳ ಬೆಲೆಯನ್ನು ಕೇಳಿದ ಬೆಲೆಯಿಂದ ಕಳೆದು ಚೌಕಾಸಿಗೆ ಕೂರಬೇಕು.